ಠಾಣೆಯ ಬಾಗಿಲಲ್ಲಿ ನಿಂತವರು

ನಮ್ಮ ದೇಶದ ಪೊಲೀಸ್ ತರಬೇತಿಯ ಚರಿತ್ರೆ ಓದುತ್ತಿದ್ದೆ. ಮನಸ್ಸು ಕಾನ್‌ಸ್ಟೇಬಲ್ ಹತ್ತಿರವೇ ನಿಂತುಬಿಟ್ಟಿತು.

1861ರ ಪೊಲೀಸ್ ಕಾಯ್ದೆ ಬಂದದ್ದು 1857ರ ದಂಗೆಯ ಬಿಸಿ ಆರುವ ಮೊದಲೇ. ಬ್ರಿಟಿಷರಿಗೆ ಬೇಕಿದ್ದದ್ದು ಹೇಳಿದಂತೆ ಕೇಳುವ ಪಡೆ. ಪೊಲೀಸ್ ವ್ಯವಸ್ಥೆ ಪರಿಶೀಲಿಸಲು 1902ರಲ್ಲಿ ನೇಮಕವಾದ ಫ್ರೇಜರ್ ಆಯೋಗ ತರಬೇತಿ ಶಾಲೆಗಳು ಬೇಕು ಅಂದಿತು, ನಿಜ. ಆದರೆ ಕಾನ್‌ಸ್ಟೇಬಲ್‌ಗೆ ಮಾತ್ರ ಯಾಂತ್ರಿಕ ಕೆಲಸವೇ ಸಾಕು ಅನ್ನುವುದು ಅದರ ನಿಲುವು. ಹಾಗಾಗಿ ಅವರು ಜಾಸ್ತಿ ಕಲಿತದ್ದು ಪರೇಡ್, ಸಲ್ಯೂಟ್, ರೈಫಲ್ ಹಿಡಿಯುವ ರೀತಿ.

ದೊಡ್ಡ ಅಧಿಕಾರಿಗಳಿಗೆ 1948ರಲ್ಲೇ ಮೌಂಟ್ ಅಬುವಿನಲ್ಲಿ ತರಬೇತಿ ಕೇಂದ್ರ ಶುರುವಾಯಿತು. ಈಗ ಅದು ಹೈದರಾಬಾದಿನಲ್ಲಿದೆ. ಕೆಳಗಿನವರ ಕಥೆ ನಿಧಾನ. 1973ರಲ್ಲಿ ಪೊಲೀಸ್ ತರಬೇತಿ ಕುರಿತ ಗೋರೆ ಸಮಿತಿ ವರದಿ ಕೊಟ್ಟಿತು: ಕವಾಯತು, ಕಾನೂನು ಅಷ್ಟೇ ಸಾಲದು, ಮನುಷ್ಯರ ನಡವಳಿಕೆ ಅರ್ಥ ಮಾಡಿಕೊಳ್ಳುವುದನ್ನೂ ಕಲಿಸಬೇಕು. ಎಷ್ಟು ಸರಿ ಅಲ್ವಾ! ಕಣ್ಣೀರು ಒರೆಸಿಕೊಳ್ಳುತ್ತಾ ದೂರು ಕೊಡಲು ಬರುವ ಹೆಣ್ಣುಮಗಳಿಗೆ ಮೊದಲು ಸಿಗುವುದು ಎಸ್ಪಿ ಅಲ್ಲ, ಬಾಗಿಲಲ್ಲಿ ನಿಂತ ಕಾನ್‌ಸ್ಟೇಬಲ್. ಏನು ಬಂದೆ ಅಂತ ಗದರುವ ಬದಲು "ಬಾಮ್ಮ, ಕೂತ್ಕೋ, ನೀರು ಕುಡಿ, ಆಮೇಲೆ ಹೇಳು" ಅನ್ನಲಿಕ್ಕೂ ತರಬೇತಿ ಬೇಕು. ಹಬ್ಬಕ್ಕೂ ರಜೆ ಸಿಗದೆ ದುಡಿಯುವ ಅವರಿಗೆ ಸೇರಿದಾಗ ಕೊಟ್ಟ ಪಾಠವೇ ನಿವೃತ್ತಿವರೆಗೆ ಸಾಕು ಅಂದುಕೊಳ್ಳುವುದನ್ನು ಸರ್ಕಾರಗಳು ಇನ್ನಾದರೂ ಬಿಡಲಿ.