ಮೊದಲು ಕ್ಷಮೆ, ಆಮೇಲೆ ಅಳು

ಆಮಿಶ್ ಅಂದರೆ ಅಮೆರಿಕದಲ್ಲಿ ಹಳೆಯ ಕಾಲದ ಸರಳ ರೀತಿಯಲ್ಲೇ ಬದುಕುವ ಒಂದು ಕ್ರೈಸ್ತ ಪಂಗಡ. ಆಮಿಶ್ ಗಂಡಸಿಗೆ ಮದುವೆಯಾದರೆ ಉಂಗುರ ಇಲ್ಲ. ಗಡ್ಡ ಬಿಡುತ್ತಾನೆ, ಮೀಸೆ ಮಾತ್ರ ಬೋಳಿಸುತ್ತಾನೆ. ಹೆಂಡತಿ ತೀರಿಕೊಂಡರೂ ಗಡ್ಡ ಹಾಗೇ ಇರುತ್ತದೆ. ಹೆಂಗಸಾದರೆ ಗಂಡ ಹೋದ ಮೇಲೆ ಒಂದು ವರ್ಷ ಕಪ್ಪು ಬಟ್ಟೆ ಹಾಕುತ್ತಾಳೆ, ನೋಡಿದವರಿಗೆ ಗೊತ್ತಾಗುತ್ತದೆ. ಗಂಡಸಿನ ದುಃಖಕ್ಕೆ ಅಂಥ ಗುರುತಿಲ್ಲ. ನಾವು ತರಕಾರಿ ತರುತ್ತಿದ್ದ ರೈತರು ಹೆಂಡತಿಯನ್ನು ಕಳೆದುಕೊಂಡವರು ಅಂತ ನನಗೆ ತಿಳಿದದ್ದೇ, ಅವರು ಇನ್ನೊಂದು ಮದುವೆಯ ಸುದ್ದಿ ಹೇಳಿದಾಗ.

ನಾವಿರುವುದು ಪೆನ್ಸಿಲ್ವೇನಿಯಾದಲ್ಲಿ. ಆಮಿಶರು ಬಹಳ ಇರುವ ಲ್ಯಾಂಕಾಸ್ಟರ್ ಕೌಂಟಿ (ಜಿಲ್ಲೆ ಅನ್ನಿ) ಇಲ್ಲಿಂದ ದೂರವಲ್ಲ. ಊರಿಂದ ಅಪ್ಪ ಅಮ್ಮ ಬಂದರೆ ಈ ಕಡೆಯ ಕನ್ನಡಿಗರು ತಪ್ಪದೆ ಕರೆದುಕೊಂಡು ಹೋಗುವ ಜಾಗ ಅದು. ಬೂದು ಬಣ್ಣದ ಕುದುರೆ ಗಾಡಿ, ಕರೆಂಟಿನ ತಂತಿ ಇಲ್ಲದ ಮನೆ, ದಾರದ ಮೇಲೆ ಒಣಗುವ ಬಟ್ಟೆ ನೋಡಿ "ನಮ್ಮ ಅಜ್ಜನ ಕಾಲ ನೋಡಿದ ಹಾಗಾಯ್ತು" ಅಂದು ವಾಪಸ್ ಬರುತ್ತೇವೆ. ಸುಮ್ನೆ ನೋಡಿ ಬಂದರೆ ಅಷ್ಟೇ ಕಾಣುವುದು.

ಆ ರೈತರ ಹೆಂಡತಿ ಹೋದದ್ದು ರಸ್ತೆಯಲ್ಲಿ. ತಂಗಿಯ ಮನೆಯಿಂದ ಸಂಜೆ ಗಾಡಿಯಲ್ಲಿ ಬರುತ್ತಿದ್ದರು, ಹಿಂದಿನಿಂದ ಕಾರು ಗುದ್ದಿತು. ಓಡಿಸುತ್ತಿದ್ದವನು ಇನ್ನೂ ಹುಡುಗ, ಆಮಿಶ್ ಅಲ್ಲ.

ಸಾವಿನ ಮನೆಯಲ್ಲಿ ಆಮಿಶ್ ಜನ ಮಾಡುವುದನ್ನು ಕೇಳಿದರೆ ನಮ್ಮ ಹಳ್ಳಿಯವರಿಗೆ ಹೊಸದು ಅನ್ನಿಸಲಿಕ್ಕಿಲ್ಲ. ಸುದ್ದಿ ತಲುಪಿದ ಕೂಡಲೇ ನೆರೆಯವರು ಬಂದು ಹಾಲು ಕರೆಯುವುದರಿಂದ ಅಡುಗೆವರೆಗೆ ಎಲ್ಲ ಕೆಲಸ ಕೈಗೆ ತೆಗೆದುಕೊಳ್ಳುತ್ತಾರೆ. ಗುಂಡಿಯನ್ನು ಗುದ್ದಲಿ ಹಿಡಿದು ತಾವೇ ತೋಡುತ್ತಾರೆ. ಸಾದಾ ಮರದ ಪೆಟ್ಟಿಗೆ, ಹೂವಿಲ್ಲ, ಹೋದವರನ್ನು ಹೊಗಳುವ ಭಾಷಣವೂ ಇಲ್ಲ. ಸಾಮಾನ್ಯವಾಗಿ ಮೂರನೇ ದಿನ ಮಣ್ಣು. ನಮಗೆ ಹೊಸದು ಆಮೇಲಿನದು. ವರ್ಷವಿಡೀ ಭಾನುವಾರ ಮಧ್ಯಾಹ್ನ ಯಾರಾದರೂ ಬಂದು ಕೂರುತ್ತಾರೆ. ದೊಡ್ಡ ಮಾತೇನೂ ಆಡುವುದಿಲ್ಲ. "ಒಂದೊಂದು ಸಲ ಇವರೆಲ್ಲ ಯಾವಾಗ ಎದ್ದು ಹೋಗುತ್ತಾರೋ ಅನ್ನಿಸುತ್ತಿತ್ತು" ಅಂದರು ಅವರು, ನಗುತ್ತಾ.

ಮಣ್ಣು ಮಾಡುವ ಹಿಂದಿನ ದಿನ ಅಣ್ಣನನ್ನು ಕರೆದುಕೊಂಡು ಅವರು ಆ ಹುಡುಗನ ಮನೆಗೆ ಹೋಗಿದ್ದರು. ಬಾಗಿಲು ತೆಗೆದ ತಾಯಿಗೆ ನಿಲ್ಲಲೂ ಆಗುತ್ತಿರಲಿಲ್ಲವಂತೆ. "ನಿಮ್ಮ ಮಗನ ಮೇಲೆ ನಮಗೆ ಸಿಟ್ಟಿಲ್ಲ" ಅಂತ ಹೇಳಿ, ಕೊಟ್ಟ ನೀರು ಕುಡಿದು ಬಂದರು. ಪೊಲೀಸರು ತಮ್ಮ ಪಾಡಿಗೆ ಕೇಸು ಹಾಕಿದರು. ಇವರು ಪರಿಹಾರಕ್ಕೆ ಕೋರ್ಟಿಗೆ ಹೋಗಲಿಲ್ಲ. ಮೊಕದ್ದಮೆ ಹೂಡುವುದು ಆಮಿಶ್ ರೀತಿಯಲ್ಲ.

ನನಗೆ ಇದು ಇಷ್ಟವಾಗಲಿಲ್ಲ. ಹೋದವರಿಗೆ ಬೆಲೆ ಇಷ್ಟೇನಾ? ಕೇಳಿಯೇಬಿಟ್ಟೆ. ಅವರು ಬುಟ್ಟಿಯ ಜೋಳದ ತೆನೆ ಜೋಡಿಸುತ್ತಲೇ ಹೇಳಿದರು: "ಅವತ್ತು ನನಗೆ ಏನೂ ಅನ್ನಿಸಲಿಲ್ಲ. ಬಾಯಿ ಹೇಳಿತು, ಅಷ್ಟೇ. ಮನಸ್ಸು ಒಪ್ಪಿದ್ದು ಎಷ್ಟೋ ಕಾಲದ ಮೇಲೆ. ಒಂದಿನ ಕೊಟ್ಟಿಗೆಯಲ್ಲಿ ಒಬ್ಬನೇ ಇದ್ದಾಗ ಅಳು ಬಂತು. ಅಲ್ಲಿವರೆಗೆ ಅತ್ತಿರಲಿಲ್ಲ."

ಈ ಮಾತು ಕೇಳಿದ ಮೇಲೆ ನನಗೆ ನಿಕಲ್ ಮೈನ್ಸ್ ಅನ್ನುವ ಊರಿನಲ್ಲಿ ನಡೆದದ್ದು ಸ್ವಲ್ಪ ಅರ್ಥವಾಯಿತು. 2006ರ ಅಕ್ಟೋಬರ್ 2ರಂದು ಇದೇ ಕೌಂಟಿಯ ಒಂದು ಕೋಣೆಯ ಆಮಿಶ್ ಶಾಲೆಗೆ ಹಾಲಿನ ಲಾರಿ ಓಡಿಸುವವನೊಬ್ಬ ಬಂದೂಕು ಹಿಡಿದು ನುಗ್ಗಿದ. ಹತ್ತು ಹೆಣ್ಣುಮಕ್ಕಳಿಗೆ ಗುಂಡು ಹೊಡೆದ, ಐವರು ಸತ್ತರು, ಅವನೂ ಹೊಡೆದುಕೊಂಡು ಸತ್ತ. ಅವನು ಆಮಿಶ್ ಅಲ್ಲ. ಅವತ್ತು ಸಂಜೆಯೇ ಆಮಿಶ್ ಜನ ಅವನ ಹೆಂಡತಿಯ ಬಳಿ, ತಂದೆ ತಾಯಿಯ ಬಳಿ ಹೋದರು. ಅವನ ಮಣ್ಣಿಗೆ ಬಂದವರಲ್ಲಿ ಅರ್ಧದಷ್ಟು ಆಮಿಶರು. ದೇಶದಿಂದ ಹರಿದುಬಂದ ಹಣದಲ್ಲಿ ಅವನ ಹೆಂಡತಿ ಮಕ್ಕಳಿಗೂ ಪಾಲು ಹೋಯಿತು. ಶಾಲೆಯನ್ನು ಹತ್ತೇ ದಿನದಲ್ಲಿ ಕೆಡವಿ, ಮುಂದಿನ ಏಪ್ರಿಲ್‌ನಲ್ಲಿ ಹತ್ತಿರವೇ ಹೊಸದು ತೆರೆದರು. ತೀವ್ರವಾಗಿ ಗಾಯಗೊಂಡ ಹುಡುಗಿಯೊಬ್ಬಳನ್ನು ನೋಡಿಕೊಳ್ಳಲು ಕೊಂದವನ ತಾಯಿಯೇ ವರ್ಷಗಟ್ಟಲೆ ವಾರ ವಾರ ಹೋಗುತ್ತಿದ್ದರು. ಟೀವಿಯವರು ಇದನ್ನು ಪವಾಡದ ಹಾಗೆ ತೋರಿಸಿದರು. ಆದರೆ ಕ್ಷಮೆಯನ್ನು ದಿನಾ ಹೊಸದಾಗಿ ಮಾಡಬೇಕಾಯಿತು ಅಂತ ಅಲ್ಲಿನ ತಂದೆ ತಾಯಂದಿರೇ ಆಮೇಲೆ ಹೇಳಿದ್ದಾರೆ. ಬೇರೆಯವರನ್ನು ಕ್ಷಮಿಸದವನನ್ನು ದೇವರೂ ಕ್ಷಮಿಸುವುದಿಲ್ಲ ಅನ್ನುವ ಬೈಬಲ್ಲಿನ ಮಾತನ್ನು ಇವರು ಅಕ್ಷರಶಃ ನಂಬುತ್ತಾರೆ. ಹಾಗಾಗಿ ನಿರ್ಧಾರ ಮೊದಲು, ಮನಸ್ಸು ಹಿಂದಿನಿಂದ ಬರುತ್ತದೆ.

ಇದರಲ್ಲಿ ಎಲ್ಲವೂ ಚಂದ ಅಂತ ನಾನು ಹೇಳುವುದಿಲ್ಲ. ಮನೆಯೊಳಗೇ ದೌರ್ಜನ್ಯಕ್ಕೆ ಸಿಕ್ಕ ಹೆಣ್ಣುಮಕ್ಕಳಿಗೆ 'ಕ್ಷಮಿಸು' ಅಂತ ಬಾಯಿ ಮುಚ್ಚಿಸಿದ್ದನ್ನು ಆಮಿಶ್ ಹೆಂಗಸರೇ ಹೊರಗೆ ಬಂದು ಹೇಳಿದ್ದಾರೆ. ತಾನಾಗಿ ಕೊಡುವ ಕ್ಷಮೆ ಬೇರೆ, ಹಿರಿಯರು ಕೊಡಿಸುವ ಕ್ಷಮೆ ಬೇರೆ.

ಇನ್ನು ಮದುವೆಗೆ ಬರೋಣ. ಲ್ಯಾಂಕಾಸ್ಟರ್‌ನಲ್ಲಿ ಮದುವೆ ಅಂದರೆ ಹೆಚ್ಚಾಗಿ ಕೊಯ್ಲು ಮುಗಿದ ಮೇಲೆ, ಮಂಗಳವಾರ ಇಲ್ಲ ಗುರುವಾರ. ಊಟಕ್ಕೆ ಸೆಲರಿ ಸೊಪ್ಪು ಬೇಕೇ ಬೇಕು. ಯಾರ ಹಿತ್ತಲಲ್ಲಿ ಸೆಲರಿ ಜಾಸ್ತಿ ಬೆಳೆದಿದೆಯೋ ಅವರ ಮನೆಯಲ್ಲಿ ಈ ಸಲ ಮಗಳ ಮದುವೆ ಅಂತ ಊರು ಲೆಕ್ಕ ಹಾಕುತ್ತದೆ. ಎರಡನೇ ಮದುವೆಗೆ ಈ ಗಡಿಬಿಡಿ ಇಲ್ಲ. ಯಾವ ತಿಂಗಳಾದರೂ ಆಯಿತು, ಜನವೂ ಕಡಿಮೆ. ವಿಚ್ಛೇದನಕ್ಕೆ ಇವರಲ್ಲಿ ಒಪ್ಪಿಗೆಯೇ ಇಲ್ಲ, ಆದರೆ ಗಂಡನೋ ಹೆಂಡತಿಯೋ ಸತ್ತ ಮೇಲೆ ಮತ್ತೆ ಮದುವೆಯಾದರೆ ಯಾರೂ ಮೂಗು ಮುರಿಯುವುದಿಲ್ಲ. ಗಂಡ ಸತ್ತ ಹೆಂಗಸಿಗೂ ಅದೇ ನಿಯಮ. ನನ್ನ ಕಣ್ಣಿಗೆ ಬಿದ್ದದ್ದು ಇದು.

ಆ ರೈತರು ಮದುವೆಯಾದಾಕೆ ಒಹಾಯೊದವರು, ಗಂಡನನ್ನು ಕಳೆದುಕೊಂಡವರು. ಪರಿಚಯವಾದದ್ದು ಕಾಗದದಲ್ಲಿ. ಫೋನು ಕೈಯಲ್ಲಿ ಇಲ್ಲದ ಜನ, ಇವತ್ತಿಗೂ ಉದ್ದುದ್ದ ಕಾಗದ ಬರೆಯುತ್ತಾರೆ. ಮೊದಲ ಕಾಗದದಲ್ಲಿ ಇಬ್ಬರೂ ಬರೆದದ್ದು ಹೋದವರ ಬಗ್ಗೆಯೇ ಅಂತೆ. "ನನ್ನ ಹೆಂಡತಿಯ ಬಗ್ಗೆ ಕೇಳಿದವರು ಅವಳೊಬ್ಬಳೇ. ಉಳಿದವರಿಗೆ ಹೆಸರೆತ್ತಲು ಭಯ" ಅಂದರು. ಹಿರಿಯ ಮಗಳು ಬಹಳ ದಿನ ಮುಖ ಕೊಟ್ಟು ಮಾತಾಡಿಲ್ಲ. ಹೊಸಬರು ಒತ್ತಾಯ ಮಾಡಲಿಲ್ಲ. ಉಪ್ಪಿನಕಾಯಿ ಹಾಕುವ ಕಾಲಕ್ಕೆ "ನಿಮ್ಮಮ್ಮ ಹೇಗೆ ಹಾಕುತ್ತಿದ್ದರು, ತೋರಿಸು" ಅಂದರಂತೆ. ಆಮಿಶರು ಫೋಟೋಕ್ಕೆ ನಿಲ್ಲುವವರಲ್ಲ, ಗೋಡೆಯ ಮೇಲೆ ಅಮ್ಮನ ಚಿತ್ರ ಇರುವುದಿಲ್ಲ. ಆ ಹುಡುಗಿಗೆ ಅಮ್ಮ ಉಳಿದಿದ್ದದ್ದು ಇಂಥ ಕೈಕೆಲಸದಲ್ಲೇ.

ಊರಲ್ಲಿರುವ ನನ್ನ ಅಮ್ಮನಿಗೆ ಇದನ್ನು ಫೋನಿನಲ್ಲಿ ಹೇಳಿದೆ. "ಈ ವಯಸ್ಸಲ್ಲಿ ಮದುವೆನಾ? ಮಕ್ಕಳು ಒಪ್ಪಿದ್ರಾ?" ಅಂದರು. ಆಕೆಗೂ ಇದು ಎರಡನೆಯದು ಅಂದಾಗ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಒಳ್ಳೇದಾಯ್ತು ಬಿಡು. ನಮ್ಮ ಸೋದರತ್ತೆಗೆ ಯಾರು ಮಾಡಿದ್ರು?"

ಈ ಕಡೆ ಬರುವವರಿಗೆ ಒಂದೆರಡು ಮಾತು. ಭಾನುವಾರ ಬೇಡ, ಆಮಿಶ್ ಅಂಗಡಿಗಳು ಮುಚ್ಚಿರುತ್ತವೆ. ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ. ಏರು ರಸ್ತೆಯಲ್ಲಿ ಮುಂದೆ ಕಿತ್ತಳೆ ಬಣ್ಣದ ತ್ರಿಕೋನ ಕಂಡರೆ ಅದು ಕುದುರೆ ಗಾಡಿ ಇರಬಹುದು. ನೀವಂದುಕೊಂಡದ್ದಕ್ಕಿಂತ ಬಹಳ ನಿಧಾನ ಹೋಗುತ್ತಿರುತ್ತದೆ, ಮೊದಲೇ ಬ್ರೇಕ್ ಹಾಕಿ.