ಹೊಸ ಡ್ಯಾಕ್ ಕೆಟ್ಟಿದೆಯೇ, ಹಿಂತಿರುಗಿಸಲೇ?

ಮನೆಯ ಸ್ಟೀರಿಯೋಗೆಂದು ಡ್ಯಾಕ್ (ಕಂಪ್ಯೂಟರು, ಟಿ.ವಿ. ಮುಂತಾದವುಗಳ ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ವಿದ್ಯುತ್ ಸಂಕೇತವಾಗಿಸುವ ಪೆಟ್ಟಿಗೆ) ಕೊಂಡವರು ಮೊದಲ ವಾರದಲ್ಲೇ ನನ್ನನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ. “ತಂತಿಗಳನ್ನೆಲ್ಲ ಸರಿಯಾಗಿಯೇ ಸಿಕ್ಕಿಸಿದ್ದೇನೆ. ಆದರೂ ಒಮ್ಮೆ ಸದ್ದೇ ಇಲ್ಲ, ಒಮ್ಮೆ ಗುಂಯ್ ಎನ್ನುತ್ತದೆ. ಪೆಟ್ಟಿಗೆಯೇ ಕೆಟ್ಟಿದೆಯೇ, ಹಿಂತಿರುಗಿಸಿಬಿಡಲೇ?” ಬೇಡ, ಇನ್ನೊಂದು ಸಂಜೆ ತಾಳಿ ಎನ್ನುತ್ತೇನೆ. ನಾನು ಕಂಡ ದೂರುಗಳಲ್ಲಿ ಡ್ಯಾಕ್ ತಾನೇ ಕೆಟ್ಟಿದ್ದು ತೀರಾ ಅಪರೂಪ. ತಪ್ಪು ಅದರ ಹಿಂದೆಯೋ ಮುಂದೆಯೋ ಇರುತ್ತದೆ, ಎಲ್ಲಿದೆ ಎಂಬುದನ್ನು ಸದ್ದೇ ಹೇಳುತ್ತದೆ.

ಡ್ಯಾಕ್ ಒಂದು ಗಡಿಯಲ್ಲಿ ಕುಳಿತ ಪೆಟ್ಟಿಗೆ. ಒಂದು ಬದಿಯಿಂದ ಅಂಕಿಗಳು ಬರುತ್ತವೆ. ಸಿ.ಡಿ.ಯಾದರೆ ಎಡ, ಬಲ ಪ್ರತಿ ಚಾನೆಲ್‌ಗೆ ಸೆಕೆಂಡಿಗೆ 44,100 ಅಂಕಿಗಳು, ಒಂದೊಂದೂ 16 ಬಿಟ್‌ನದು. ಇನ್ನೊಂದು ಬದಿಯಿಂದ ಅವೇ ಅಂಕಿಗಳು ಏರಿಳಿಯುವ ವೋಲ್ಟೇಜ್ ಆಗಿ ಆಂಪ್ಲಿಫೈಯರ್‌ಗೆ ಹೋಗುತ್ತವೆ. ಅಂಕಿಗಳ ಬದಿಯಲ್ಲಿ ತೊಂದರೆಯಾದರೆ ಹಾಡು ನಿಲ್ಲುತ್ತದೆ, ತುಂಡಾಗುತ್ತದೆ, ಟಿಕ್ ಟಿಕ್ ಎನ್ನುತ್ತದೆ. ವೋಲ್ಟೇಜಿನ ಬದಿಯಲ್ಲಾದರೆ ಹಾಡು ನಡೆಯುತ್ತಲೇ ಇರುತ್ತದೆ, ಅದರ ಜೊತೆಗೆ ಗುಂಯ್‌ಗುಟ್ಟುವಿಕೆ ಸೇರಿಕೊಳ್ಳುತ್ತದೆ, ಇಲ್ಲವೇ ಒಂದು ಸ್ಪೀಕರ್ ಸುಮ್ಮನಾಗುತ್ತದೆ. ಆದ್ದರಿಂದ ಯಾವ ತಂತಿಯನ್ನೂ ಮುಟ್ಟುವ ಮೊದಲು ಎರಡು ನಿಮಿಷ ಕಿವಿಗೊಟ್ಟು ಕೇಳಿ.

ಪೂರ್ತಿ ಮೌನವಿದ್ದರೆ ಕಾರಣ ಸಾಮಾನ್ಯವಾಗಿ ಸಣ್ಣದು. ಡ್ಯಾಕ್‌ನಲ್ಲಿ ಸರಿಯಾದ ಇನ್‌ಪುಟ್ ಆರಿಸಿಲ್ಲ, ಅಥವಾ ಕಂಪ್ಯೂಟರು ಇನ್ನೂ ತನ್ನದೇ ಸ್ಪೀಕರಿಗೆ ಹಾಡನ್ನು ಕಳಿಸುತ್ತಿದೆ. ಅಂಕಿಗಳನ್ನು ಬೆಳಕಾಗಿ ಸಾಗಿಸುವ ಆಪ್ಟಿಕಲ್ ಕೇಬಲ್ ಆಗಿದ್ದರೆ ಅದರ ತುದಿಯನ್ನು ಕಣ್ಣಿನ ಹತ್ತಿರ ಹಿಡಿಯದೆ ಅಂಗೈ ಮೇಲೆ ತೋರಿಸಿ: ಕೆಂಪು ಚುಕ್ಕೆಯೊಂದು ಬೀಳಬೇಕು. ಬೀಳದಿದ್ದರೆ ತುದಿಗೆ ತೊಡಿಸಿದ ಪಾರದರ್ಶಕ ಪ್ಲಾಸ್ಟಿಕ್ ಟೋಪಿಯನ್ನು ಹುಡುಕಿ. ಕಿರುಬೆರಳಿನ ಉಗುರಿಗಿಂತ ಚಿಕ್ಕದು, ಕಣ್ಣಿಗೆ ಬೀಳುವುದೇ ಇಲ್ಲ. ಅದಿದ್ದರೆ ಪ್ಲಗ್ ಪೂರ್ತಿ ಒಳಗೆ ಕೂರದೆ ಅರ್ಧಕ್ಕೇ ನಿಲ್ಲುತ್ತದೆ. ಟಿ.ವಿ.ಯಿಂದ ಜೋಡಿಸಿದವರು ಟಿ.ವಿ.ಯ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ಔಟ್‌ಪುಟ್ಟನ್ನು ಪಿ.ಸಿ.ಎಂ. (ಡ್ಯಾಕ್‌ಗೆ ಅರ್ಥವಾಗುವ ಸಾದಾ ಅಂಕಿಗಳ ರೂಪ) ಎಂದು ಬದಲಿಸಬೇಕು. ಹಲವು ಸ್ಪೀಕರುಗಳ ಸದ್ದನ್ನು ಅಡಕಗೊಳಿಸಿ ಕಳಿಸುವ ಡಾಲ್ಬಿ ಸಂಕೇತ ಸ್ಟೀರಿಯೋ ಡ್ಯಾಕ್‌ಗೆ ಅರ್ಥವಾಗುವುದಿಲ್ಲ, ಅದು ಮೌನವಾಗಿರುತ್ತದೆ, ಇಲ್ಲವೇ ಕರ್ಕಶವಾಗಿ ಕೂಗುತ್ತದೆ.

ಟಿಕ್ ಟಿಕ್ ಸದ್ದು, ನಡುನಡುವೆ ತುಂಡಾಗುವುದು ಹೆಚ್ಚಾಗಿ ಯುಎಸ್‌ಬಿ ದಾರಿಯ ಕಾಯಿಲೆ. ನಡುವಿನ ಹಬ್ ತೆಗೆದು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿ, ಯುಎಸ್‌ಬಿಯ ವಿದ್ಯುತ್ ಉಳಿತಾಯದ ಆಯ್ಕೆಯನ್ನು ಆಫ್ ಮಾಡಿಬಿಡಿ, ಬಫರ್ (ಅಂಕಿಗಳನ್ನು ಮುಂಚಿತವಾಗಿ ತುಂಬಿಟ್ಟುಕೊಳ್ಳುವ ಜಾಗ) ಅಳತೆಯನ್ನು ಸ್ವಲ್ಪ ಹೆಚ್ಚಿಸಿ. ಆಪ್ಟಿಕಲ್ ದಾರಿಯಲ್ಲಿ 96 ಕಿಲೋಹರ್ಟ್ಸ್‌ವರೆಗೆ (ಪ್ರತಿ ಚಾನೆಲ್‌ಗೆ ಸೆಕೆಂಡಿಗೆ 96,000 ಅಂಕಿಗಳು) ಚೆನ್ನಾಗಿ ಹಾಡುವ ಡ್ಯಾಕ್ 192ಕ್ಕೆ ಹೋದಾಗ ಮಾತ್ರ ಮುಗ್ಗರಿಸಿದರೆ ಆಪ್ಟಿಕಲ್ ಕೇಬಲ್ಲಿನ ಮೇಲೆ ಅನುಮಾನಪಡಿ, ಆ ವೇಗವನ್ನು ಎಲ್ಲ ಆಪ್ಟಿಕಲ್ ಜೋಡಣೆಗಳೂ ತಾಳುವುದಿಲ್ಲ. ವಿಂಡೋಸ್‌ನಲ್ಲಿ ಡ್ಯಾಕ್ ಗುರುತೇ ಸಿಗದಿದ್ದರೆ ಆವೃತ್ತಿ ನೋಡಿ. ಹೆಚ್ಚಿನ ವೇಗದ ಡ್ಯಾಕ್‌ಗಳು ಬಳಸುವ ‘ಯುಎಸ್‌ಬಿ ಆಡಿಯೋ ಕ್ಲಾಸ್ 2’ ಎಂಬ ಮಾನದಂಡಕ್ಕೆ ಬೇಕಾದ ಚಾಲಕ ತಂತ್ರಾಂಶ (ಡ್ರೈವರ್) ವಿಂಡೋಸ್ 10ರೊಳಗೇ ಸೇರಿದ್ದು 2017ರ ಪರಿಷ್ಕರಣೆಯಲ್ಲಿ. ಅದಕ್ಕಿಂತ ಹಳೆಯದಾದರೆ ತಯಾರಕರು ಕೊಡುವ ಡ್ರೈವರನ್ನು ನೀವೇ ಹಾಕಿಕೊಳ್ಳಬೇಕು.

ಇನ್ನು ಗುಂಯ್‌ಗುಟ್ಟುವಿಕೆ. ಜನ ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲಿಯೇ, ದುಬಾರಿ ಕೇಬಲ್ ಮೇಲೆ ಕೇಬಲ್ ಕೊಂಡು. ನನ್ನ ಮನೆಯಲ್ಲೂ ಈ ಸದ್ದು ತಿಂಗಳುಗಟ್ಟಲೆ ಇತ್ತು. ಹಗಲಿನಲ್ಲಿ ಗೊತ್ತಾಗುತ್ತಿರಲಿಲ್ಲ, ರಾತ್ರಿ ಹಾಡು ಮುಗಿದ ಮೇಲೆ ಸ್ಪೀಕರಿನಿಂದ ದುಂಬಿಯ ಝೇಂಕಾರದಂತೆ ಕೇಳಿಬರುತ್ತಿತ್ತು. ಮೌಸ್ ಸರಿಸಿದರೆ ಅದರ ಮೇಲೊಂದು ಸಣ್ಣ ಚಿರ್ ಚಿರ್. ಒಂದು ರಾತ್ರಿ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆ, ಕೋಣೆ ನಿಶ್ಶಬ್ದವಾಯಿತು. ಮತ್ತೆ ಸಿಕ್ಕಿಸಿದೆ, ದುಂಬಿ ಮರಳಿ ಬಂತು. ಐದಾರು ಸಲ ಹೀಗೆ ಮಾಡಿ ಖಚಿತಪಡಿಸಿಕೊಂಡೆ. ಆಂಪ್ಲಿಫೈಯರ್ ತನ್ನ ಮೂರು ಪಿನ್ನಿನ ಪ್ಲಗ್‌ನಿಂದ ಒಂದು ಕಡೆ ಅರ್ಥಿಂಗ್ ಪಡೆದಿತ್ತು, ಲ್ಯಾಪ್‌ಟಾಪ್ ಚಾರ್ಜರಿನ ಮೂಲಕ ಇನ್ನೊಂದು ಕಡೆ. ಇವೆರಡನ್ನೂ ಯುಎಸ್‌ಬಿ ತಂತಿಯ ಲೋಹ ಡ್ಯಾಕ್ ಮೂಲಕ ಒಂದು ವೃತ್ತವಾಗಿ ಹೆಣೆದಿತ್ತು. ಆ ವೃತ್ತದಲ್ಲಿ ಹರಿಯುವ ಅಲ್ಪ ವಿದ್ಯುತ್ತು ಮನೆಯ ಕರೆಂಟಿನ 50 ಅಥವಾ 60 ಹರ್ಟ್ಸ್ ಲಯವನ್ನು ಹಾಡಿನೊಳಕ್ಕೆ ತರುತ್ತದೆ. ಗ್ರೌಂಡ್ ಲೂಪ್ ಎನ್ನುವುದು ಇದನ್ನೇ.

ಆಪ್ಟಿಕಲ್ ಕೇಬಲ್ ಇದಕ್ಕೆ ಒಳ್ಳೆಯ ಮದ್ದು. ಅದರಲ್ಲಿ ಹೋಗುವುದು ಬೆಳಕು, ಲೋಹದ ಸಂಪರ್ಕವೇ ಇಲ್ಲ, ವೃತ್ತ ಕಡಿದುಹೋಗುತ್ತದೆ. ಕಂಪ್ಯೂಟರಿನಲ್ಲಿ ಆಪ್ಟಿಕಲ್ ಇಲ್ಲದಿದ್ದರೆ ಯುಎಸ್‌ಬಿ ಐಸೋಲೇಟರ್ ಇದೆ, ಲೋಹದ ಸಂಪರ್ಕವನ್ನು ಕಡಿದು ಅಂಕಿಗಳನ್ನು ಮಾತ್ರ ದಾಟಿಸುವ ಸಣ್ಣ ಪೆಟ್ಟಿಗೆ. ಆದರೆ ಕೊಳ್ಳುವಾಗ ವೇಗ ಕೇಳಿ. ಸೆಕೆಂಡಿಗೆ 12 ಮೆಗಾಬಿಟ್‌ವರೆಗೆ ಮಾತ್ರ ಸಾಗಿಸುವಂಥವು ಇವೆ, 480 ಬೇಕಾದ ಡ್ಯಾಕ್‌ಗೆ ಅವು ಸಾಲವು. ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ: ಸದ್ದು ನಿಲ್ಲಲಿ ಎಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ಮುರಿಯುವುದು, ಟೇಪು ಸುತ್ತುವುದು ಬೇಡವೇ ಬೇಡ. ಆಂಪ್ಲಿಫೈಯರಿನ ಒಳಗೆ ತಂತಿ ಜಾರಿ ಹೊರಕವಚಕ್ಕೆ ತಗುಲಿದ ದಿನ ನಿಮ್ಮ ಪ್ರಾಣ ಕಾಯುವುದು ಆ ಪಿನ್ನೇ.

ಹಾಡು ಒಡೆದೊಡೆದು, ಗೊಗ್ಗರಾಗಿ ಕೇಳಿದರೆ ಡ್ಯಾಕ್‌ನ ತಂತಿಯನ್ನು ಆಂಪ್ಲಿಫೈಯರಿನ ಫೋನೋ ಕಿಂಡಿಗೆ ಸಿಕ್ಕಿಸಿದ್ದೀರಾ ನೋಡಿ. ಅದು ಗ್ರಾಮಫೋನ್ ಸೂಜಿಯಿಂದ ಬರುವ ಕೆಲವು ಮಿಲಿವೋಲ್ಟ್‌ಗಳಿಗಾಗಿ ಇರುವುದು, ಡ್ಯಾಕ್ ಸಾಮಾನ್ಯವಾಗಿ 2 ವೋಲ್ಟ್ ಕೊಡುತ್ತದೆ. ಇನ್ನು ಡ್ಯಾಕನ್ನು ನೇರ ಪವರ್ ಆಂಪ್ಲಿಫೈಯರಿಗೆ (ಸಾಮಾನ್ಯವಾಗಿ ತನ್ನದೇ ವಾಲ್ಯೂಮ್ ಗುಂಡಿ ಇಲ್ಲದ ಆಂಪ್ಲಿಫೈಯರ್) ಜೋಡಿಸುವವರು ಸ್ವಿಚ್ ಹಾಕುವ ಮೊದಲು ಡ್ಯಾಕ್‌ನ ವಾಲ್ಯೂಮ್ ಪೂರ್ತಿ ಇಳಿಸಲೇಬೇಕು, ಇಲ್ಲದಿದ್ದರೆ ಮೊದಲ ಸ್ವರಕ್ಕೇ ಸ್ಪೀಕರ್ ಹೋಗಬಹುದು.

ಹಾಗಾದರೆ ಡ್ಯಾಕ್ ನಿಜವಾಗಿಯೂ ಕೆಟ್ಟಿದೆ ಎಂದು ತಿಳಿಯುವುದು ಹೇಗೆ? ಎಡ ಸ್ಪೀಕರ್ ಮೌನವಾಗಿದೆ ಎಂದುಕೊಳ್ಳಿ. ಮೊದಲು ಕಂಪ್ಯೂಟರಿನಲ್ಲಿ ಎಡಬಲದ ಸಮತೋಲನ ನಡುವಿನಲ್ಲಿದೆಯೇ ಎಂದು ನೋಡಿ. ಆಮೇಲೆ ಆಂಪ್ಲಿಫೈಯರಿನ ವಾಲ್ಯೂಮ್ ಇಳಿಸಿ, ಡ್ಯಾಕ್‌ನ ಹಿಂಬದಿಯಲ್ಲಿ ಕೆಂಪು, ಬಿಳಿ ಪ್ಲಗ್‌ಗಳನ್ನು ಅದಲುಬದಲು ಮಾಡಿ. ಮೌನ ಎಡದಲ್ಲೇ ಉಳಿದರೆ ತಪ್ಪು ತಂತಿಯದು, ಆಂಪ್ಲಿಫೈಯರಿನದು ಅಥವಾ ಸ್ಪೀಕರಿನದು. ಮೌನ ಬಲಕ್ಕೆ ದಾಟಿದರೆ ಡ್ಯಾಕನ್ನು ಬೇರೊಂದು ಕಂಪ್ಯೂಟರಿಗೋ ಮೊಬೈಲಿಗೋ ಜೋಡಿಸಿ ಇನ್ನೊಮ್ಮೆ ಕೇಳಿ. ಆಗಲೂ ಹಾಗೆಯೇ ಇದ್ದರೆ, ಹೌದು, ಹಿಂತಿರುಗಿಸಿ.