ಮೆಕ್ಯಾನಿಕಲ್ ಹುಡುಗರಿಗೆ ಕೊಕ್ಕರೆ ಪಾಠ

ಮೆಕ್ಯಾನಿಕಲ್ ಡಿಪ್ಲೊಮಾ ಓದುವವರಿಗೆ ಇಂಗ್ಲಿಷ್ ಪೀರಿಯಡ್ ಅಂದರೆ ವರ್ಕ್‌ಶಾಪಿನಿಂದ ಬಂದು ಕಾಲು ಚಾಚುವ ಹೊತ್ತು. ನಮ್ಮ ಬ್ಯಾಚೂ ಹಾಗೇ ಇತ್ತು. ಜಾಸ್ತಿ ಮಂದಿ ಕನ್ನಡ ಮೀಡಿಯಂನವರು. ಇಂಗ್ಲಿಷ್ ಮೇಷ್ಟ್ರು ನಮ್ಮ ಮುಖ ನೋಡಿ ಪುಸ್ತಕ ಮುಚ್ಚಿಟ್ಟರು. "ನಿಮ್ಮ ವರ್ಕ್‌ಶಾಪಿನಲ್ಲಿ ಯಾವ್ಯಾವ ಪ್ರಾಣಿ ಇವೆ ಹೇಳ್ರಪ್ಪ" ಅಂದರು.

ಮೊದಲು ನಗು. ಆಮೇಲೆ ಒಬ್ಬ ಡಾಗ್ ಕ್ಲಚ್ ಅಂದ. ಇನ್ನೊಬ್ಬ ವರ್ಮ್ ಗೇರ್, ಮತ್ತೊಬ್ಬ ಬಟರ್‌ಫ್ಲೈ ವಾಲ್ವ್. ಕಾರ್ಪೆಂಟ್ರಿ ಸೆಕ್ಷನ್‌ನಲ್ಲಿ ಉಳಿ ಹಿಡಿದು ಡವ್‌ಟೇಲ್ ಜಾಯಿಂಟ್ ಕೊರೆದವರೇ ನಾವೆಲ್ಲ. ಲೇತ್‌ನ ಕ್ರಾಸ್ ಸ್ಲೈಡ್ ಕೂಡ ಅದೇ ಆಕಾರದ ಹಳಿಯ ಮೇಲೆ ಓಡುತ್ತದೆ. ಆದರೂ ಅದು ಪಾರಿವಾಳದ ಬಾಲ ಅಂತ ಅಲ್ಲಿಯವರೆಗೆ ಯಾರಿಗೂ ಕಂಡಿರಲಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ 'ಕ್ರೇನ್' ಅಂತ ಬಂತು. ಇಂಗ್ಲಿಷಿನಲ್ಲಿ ಭಾರ ಎತ್ತುವ ಯಂತ್ರಕ್ಕೂ ಉದ್ದ ಕಾಲಿನ ಒಂದು ಹಕ್ಕಿಗೂ ಅದೇ ಹೆಸರು. ಮೇಷ್ಟ್ರು ಅಲ್ಲಿಗೆ ಬಂದು ನಿಂತವರು ಎಷ್ಟೋ ಕ್ಲಾಸು ಮುಂದಕ್ಕೆ ಹೋಗಲೇ ಇಲ್ಲ.

ಕ್ರಿ.ಪೂ. 6ನೇ ಶತಮಾನದ ಕೊನೆಯ ಹೊತ್ತಿಗೇ ಗ್ರೀಕರು ದೇವಸ್ಥಾನದ ಕಲ್ಲುಗಳನ್ನು ಕ್ರೇನಿನಿಂದ ಎತ್ತುತ್ತಿದ್ದರಂತೆ. ಇಕ್ಕಳ ಕಚ್ಚಲು ಕೊರೆದ ತೂತುಗಳು ಆ ಕಲ್ಲುಗಳಲ್ಲಿ ಈಗಲೂ ಇವೆ. ಹಕ್ಕಿಗೂ ಯಂತ್ರಕ್ಕೂ ಅವರಲ್ಲಿ ಒಂದೇ ಹೆಸರು, 'ಗೆರಾನೊಸ್'. ತೋಟದ ಜೆರೇನಿಯಂ ಗಿಡದ ಹೆಸರೂ ಅಲ್ಲಿಂದಲೇ ಬಂದದ್ದು. ಅದರ ಕಾಯಿ ಈ ಹಕ್ಕಿಯ ಕೊಕ್ಕಿನಂತೆ ಉದ್ದಕ್ಕೆ ಚೂಪಾಗಿರುತ್ತದೆ. ಫ್ರೆಂಚರಿಗೆ ಎರಡೂ 'ಗ್ರೂ'. ನಾಯಿಮರಿ ಮಾರುವವರು 'ಪೆಡಿಗ್ರೀ ಇದೆ ಸಾರ್' ಅಂತಾರಲ್ಲ, ಆ ಮಾತು ಹಳೆಯ ಫ್ರೆಂಚಿನ 'ಕ್ರೇನ್ ಹಕ್ಕಿಯ ಪಾದ'. ವಂಶಾವಳಿಯಲ್ಲಿ ಕವಲೊಡೆಯುವ ಗೆರೆಗಳು ಆ ಪಾದದ ಹಾಗೆ ಕಾಣುತ್ತಿದ್ದವು. ಡಚ್ಚರಂತೂ ನೀರಿನ ನಲ್ಲಿಗೂ ಕ್ರೇನಿಗೂ 'ಕ್ರಾನ್' ಎಂದುಬಿಟ್ಟರು.

ಪೋಲೆಂಡಿನ ಗ್ಡಾನ್ಸ್ಕ್ ಬಂದರಿನ ಕಥೆ ನಮಗೆ ಜಾಸ್ತಿ ಹಿಡಿಸಿತ್ತು. ಅಲ್ಲಿ 1442ರಿಂದ 1444ರ ನಡುವೆ ಕಟ್ಟಿದ ದೊಡ್ಡ ಮರದ ಕ್ರೇನ್ ಇದೆ. ಎರಡನೇ ಮಹಾಯುದ್ಧದಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಿದ್ದಾರೆ. ಅದನ್ನು ಕರೆಯುವುದು 'ಝುರಾವ್' ಅಂತ, ಹಕ್ಕಿಯ ಹೆಸರೇ. ಮೋಟಾರಿಲ್ಲದ ಕಾಲ. ಆಳಿಗಿಂತ ಎತ್ತರದ ಚಕ್ರಗಳ ಒಳಗೆ ಜನ ನಡೆಯುತ್ತಿದ್ದರು. ಚಕ್ರ ತಿರುಗಿ ಹಗ್ಗ ಸುತ್ತಿಕೊಳ್ಳುತ್ತಿತ್ತು, ಸರಕು ಮೇಲೇರುತ್ತಿತ್ತು. ಇಡೀ ದಿನ ನಡೆದರೂ ಎಲ್ಲಿಗೂ ಹೋಗದ ಕೆಲಸ!

ಒಂದು ಭಾನುವಾರ ಮೇಷ್ಟ್ರು ನಮ್ಮಲ್ಲಿ ಕೆಲವರನ್ನು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋದರು. ಊರೊಳಗಿನ ಹುಣಸೆ ಮರಗಳ ಮೇಲೆಲ್ಲ ಗೂಡು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಮೂಗು ಮುಚ್ಚಿಕೊಳ್ಳುವಂಥ ಮೀನು ವಾಸನೆ. "ಇದರಲ್ಲಿ ಕ್ರೇನ್ ಯಾವುದು?" ಅಂತ ಕೇಳಿದರು. ನಾವೆಲ್ಲ ಕೊಕ್ಕರೆಗಳ ಕಡೆ ಕೈ ತೋರಿಸಿದೆವು. "ಒಂದೂ ಅಲ್ಲ" ಅಂದರು.

ಸಾರಸ ಮತ್ತು ಅದರ ನೆಂಟರು ಮಾತ್ರ ನಿಜವಾದ ಕ್ರೇನ್‌ಗಳು. ಅವುಗಳಲ್ಲಿ ಹೆಚ್ಚಿನವಕ್ಕೆ ಕೊಂಬೆ ಹಿಡಿದು ಕೂರಲು ಆಗುವುದಿಲ್ಲ. ಹಿಂದಿನ ಬೆರಳು ಚಿಕ್ಕದು, ಮೇಲಕ್ಕೆ ಇರುತ್ತದೆ. ಆಫ್ರಿಕಾದ ಕಿರೀಟದ ಕ್ರೇನ್‌ಗಳು ಮಾತ್ರ ಮರದಲ್ಲಿ ಕೂರುತ್ತವೆ. ಕೊಕ್ಕರೆ ಕೊಕ್ಕು ಬಡಿದು ಸದ್ದು ಮಾಡುತ್ತದೆ. ಸಾರಸದ ಶ್ವಾಸನಾಳ ಎದೆಮೂಳೆಯೊಳಗೆ ಸುತ್ತಿಕೊಂಡಿರುವುದರಿಂದ ಅದರ ಕೂಗು ಬಲು ದೂರ ಕೇಳುತ್ತದೆ. ಸುಮಾರು ಆರಡಿ ಎತ್ತರದ ಆ ಹಕ್ಕಿಯನ್ನು ನೋಡಬೇಕಾದರೆ ಉತ್ತರ ಭಾರತದ ಗದ್ದೆಗಳಿಗೆ ಹೋಗಬೇಕು. ನಮ್ಮ ಶಾಲೆಗಳ ಇಂಗ್ಲಿಷಿನಲ್ಲೋ, ಬೆಳ್ಳಕ್ಕಿಯೂ ಕ್ರೇನು, ಪಂಚತಂತ್ರದಲ್ಲಿ ಮೀನುಗಳಿಗೆ ಮೋಸ ಮಾಡಿದ ಬಕವೂ ಕ್ರೇನು. ಆ ವರ್ಷ ಇಂಗ್ಲಿಷ್ ಸಿಲಬಸ್ ಮುಗಿಯಲಿಲ್ಲ ಎಂಬ ಗೊಣಗಾಟವೂ ಇತ್ತು, ಸುಳ್ಳಲ್ಲ.

ಡಿಪ್ಲೊಮಾ ಮುಗಿಸಿ ನಾನು ಸೇರಿದ್ದು ಕ್ರೇನ್ ಕೆಲಸಕ್ಕೇ. ಬೆಂಗಳೂರಿನ ಸೈಟುಗಳಲ್ಲಿ ಮೊದಲು ಹೈಡ್ರಾ ಎಂಬ ಗಾಲಿ ಕ್ರೇನ್ ಜೊತೆ, ಆಮೇಲೆ ಟವರ್ ಕ್ರೇನ್ ಕೆಳಗೆ. ಈ ಕೆಲಸದಲ್ಲಿ ಭಾರ ಎಷ್ಟು ಅನ್ನುವುದಕ್ಕಿಂತ ಅದು ಎಷ್ಟು ದೂರದಲ್ಲಿದೆ ಅನ್ನುವುದೇ ಮುಖ್ಯ. 10 ಮೀಟರ್ ದೂರದಲ್ಲಿ 2 ಟನ್ ತೂಗಿದರೂ, 20 ಮೀಟರ್ ದೂರದಲ್ಲಿ 1 ಟನ್ ತೂಗಿದರೂ, ಕ್ರೇನನ್ನು ಮಗುಚುವ ಬಲ ಒಂದೇ. ಅದಕ್ಕೇ ಎಷ್ಟು ದೂರದಲ್ಲಿ ಎಷ್ಟು ಭಾರ ಎತ್ತಬಹುದು ಅಂತ ಹೇಳುವ ಲೋಡ್ ಚಾರ್ಟ್ ನೋಡದೆ ಕೊಕ್ಕೆ ಹಾಕಿಸಬಾರದು. ಟವರ್ ಕ್ರೇನಿಗೆ ಮುಂದೆ ಉದ್ದನೆ ತೋಳು, ಹಿಂದೆ ಗಿಡ್ಡ ತೋಳಿನ ಮೇಲೆ ಕಾಂಕ್ರೀಟ್ ದಿಮ್ಮಿಗಳು. ಹಿಂದಿನದು ಇಲ್ಲದಿದ್ದರೆ ಮುಂದಿನದೂ ಇಲ್ಲ.

ಕೆಲಸಕ್ಕೆ ಸೇರಿದ ಮೇಲೆ ನನಗೆ ಹೊಳೆದ ಒಂದು ವಿಷಯವಿದೆ. ಮೇಷ್ಟ್ರು ಹೇಳದೇ ಇದ್ದದ್ದು. ಹಳೆಯ ಮರದ ಕ್ರೇನ್‌ಗಳು ನಿಂತು ನೀರಿಗೆ ಬಗ್ಗಿದ ಹಕ್ಕಿಯನ್ನು ಹೋಲುತ್ತವೆ. ಈಗಿನ ಟವರ್ ಕ್ರೇನ್ ಹಾಗಲ್ಲ, ಅದು ಹಾರುವ ಹಕ್ಕಿ. ಈ ಹಕ್ಕಿ ಹಾರುವಾಗ ಬಕನ ಹಾಗೆ ಕತ್ತು ಮಡಿಸಿಕೊಳ್ಳುವುದಿಲ್ಲ. ಕತ್ತು ನೆಟ್ಟಗೆ ಮುಂದೆ, ಕಾಲು ನೆಟ್ಟಗೆ ಹಿಂದೆ. ಹೆಸರಿಟ್ಟ ಗ್ರೀಕನಿಗೆ ಟವರ್ ಕ್ರೇನ್ ಗೊತ್ತಿರಲು ಸಾಧ್ಯವಿಲ್ಲ. ಯಂತ್ರವೇ ಬದಲಾಗುತ್ತ ಬಂದು ಹಕ್ಕಿಯ ಇನ್ನೊಂದು ಭಂಗಿಗೆ ಹೊಂದಿಕೊಂಡಿತು ಅನ್ನಬೇಕು.

ನಮ್ಮಲ್ಲಿ ಎತ್ತುವ ಯಂತ್ರ ಅಂದರೆ ಬಾವಿಯ ಏತ. ರಷ್ಯಾದ ಹಳ್ಳಿಗಳಲ್ಲಿ ಅಂಥದ್ದೇ ಬಾವಿಗಳಿಗೆ ಕ್ರೇನ್ ಹಕ್ಕಿಯ ಹೆಸರೇ ಇದೆ. ನಾವು ಏತಕ್ಕೆ ಹಕ್ಕಿಯನ್ನು ಸೇರಿಸಲಿಲ್ಲ, ಎತ್ತುವುದು ಏತ ಅಂತ ನೇರವಾಗಿ ಇಟ್ಟೆವು. ಮರದ ಏತ ಹೋಯಿತು, ಹೆಸರು ಮಾತ್ರ ಭಾರಿ ಪಂಪುಗಳನ್ನು ಹಿಡಿದುಕೊಂಡು ಏತ ನೀರಾವರಿ ಆಗಿ ಕೂತಿದೆ.

ಎತ್ತುವ ಯಂತ್ರಗಳಿಗೆಲ್ಲ ಹಕ್ಕಿಯ ಹೆಸರು ಸಿಗಲಿಲ್ಲ. 1600ರ ಆಸುಪಾಸಿನಲ್ಲಿ ಲಂಡನ್‌ನಲ್ಲಿ ಡೆರಿಕ್ ಎಂಬ ಒಬ್ಬ ನೇಣು ಹಾಕುವವನಿದ್ದ. ಮೊದಲು ನೇಣುಗಂಬಕ್ಕೆ ಅವನ ಹೆಸರು ಬಂತು, ಆಮೇಲೆ ಭಾರ ಎತ್ತುವ ಕಂಬಕ್ಕೆ, ಕೊನೆಗೆ ಎಣ್ಣೆಬಾವಿಯ ಗೋಪುರಕ್ಕೆ. ನಮ್ಮ ಬ್ಯಾಚಿನವನೊಬ್ಬ ಸಮುದ್ರದಲ್ಲಿರುವ ಎಣ್ಣೆ ನಿಕ್ಷೇಪ ಮುಂಬೈ ಹೈನಲ್ಲಿ ಡೆರಿಕ್ ಕೆಳಗೇ ಕೆಲಸ ಮಾಡುತ್ತಾನೆ. ಇದನ್ನು ಅವನಿಗೆ ವಾಟ್ಸಾಪ್‌ನಲ್ಲಿ ಬರೆದು ಕಳಿಸಿದೆ. ರಾತ್ರಿ ಪಾಳಿ ಮುಗಿಸಿ ಉತ್ತರ ಹಾಕಿದ: "ಕಾಲೇಜಲ್ಲೂ ಹಿಂಗೇ ಕಣೋ. ಚೆನ್ನಾಗಿರೋದು ನಿನಗೆ, ಉಳಿದದ್ದು ನನಗೆ."